ಸವಾಲಿನಲ್ಲಿ ಗೆದ್ದ ಹೂಜಿ

ಹಿಡಿಕೆಯ ಬುಡದಲ್ಲಿ ಹುಣಸೆ ಬೀಜದಷ್ಟು ಜಾಗದಲ್ಲಿ ಮೆರುಗು ಎದ್ದು, ಒಳಗಿನ ಬೂದು ಮಣ್ಣು ಕಾಣುತ್ತಿತ್ತು. ಉಳಿದಂತೆ ಹೂಜಿ ಅಚ್ಚ ಬಿಳಿ. ಹೊಟ್ಟೆಯ ಸುತ್ತ ನೀಲಿ ಬಳ್ಳಿ, ಬಳ್ಳಿಗೆ ಐದೈದು ಎಸಳಿನ ಹೂವು. ಮೂತಿಯ ಕೆಳಗಿನ ಒಂದು ಹೂವಿಗೆ ಮಾತ್ರ ನಾಲ್ಕೇ ಎಸಳು. ಕೈಯಿಂದ ಬರೆದದ್ದು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ತೀರ್ಮಾನಿಸಿದೆ. ಎದ್ದ ಮೆರುಗನ್ನು ಉಗುರಿನಿಂದ ಮುಟ್ಟಿ, ಇದು ನೂರು ವರ್ಷದ ಬಳಕೆಯ ಸವೆತ ಎಂದೂ ತೀರ್ಮಾನಿಸಿದೆ. ಆ ದಿನ ನಾನು ಬಹಳ ತೀರ್ಮಾನಗಳನ್ನು ಮಾಡಿದೆ.

ನಾನು ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೇನೆ. ಮಾತ್ರೆಯ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೂ ಇಡೀ ಬ್ಯಾಚನ್ನು ತಡೆಹಿಡಿಯುವುದು ನನ್ನ ಉದ್ಯೋಗ. ಮನೆ ಬಸವಕಲ್ಯಾಣ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಕ್ಕದಲ್ಲಿ ಕೂತವರು "ಯಾರ ಪೈಕಿ?" ಎಂದು ಕೇಳಿದರೆ ಕಿಟಕಿಯ ಹೊರಗೆ ನೋಡುತ್ತೇನೆ. ಮನುಷ್ಯರ ಜೊತೆ ಹೆಚ್ಚು ಮಾತು ಬೇಡವೆನ್ನುವವರಿಗೆ ಒಂದು ಖಯಾಲಿ ಬೇಕಾಗುತ್ತದೆ. ನನ್ನದು ಹಳೆಯ ಪಿಂಗಾಣಿ.

ಫೋನಿನಲ್ಲಿ ಹಳೆ ಸಾಮಾನು ಹರಾಜು ಹಾಕುವ ಬಳಗವೊಂದಿದೆ. ಅದರಲ್ಲಿರುವವರೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಾ, ಇನ್ನೊಬ್ಬರ ಅಜ್ಜನ ಕಪ್ಪಿನ ಚಿತ್ರಕ್ಕೆ ಕೈಮುಗಿಯುವ ಜನ. ಅಲ್ಲಿ ಬಿರುಕು ಬಿಟ್ಟದ್ದಕ್ಕೆ "ಇತಿಹಾಸವುಳ್ಳದ್ದು" ಎನ್ನುತ್ತಾರೆ. ಸೋರುವುದಕ್ಕೆ "ಪ್ರದರ್ಶನಕ್ಕೆ ಮಾತ್ರ" ಎನ್ನುತ್ತಾರೆ. ಜೋಡಿಯಲ್ಲಿ ಒಂದು ಕಳೆದಿದ್ದರೆ ಉಳಿದದ್ದು "ಅಪರೂಪದ್ದು". ಈ ಭಾಷೆಯನ್ನು ನಾನು ಬೇಗ ಕಲಿತೆ. ಸೋರುವ ಹಾಲಿನ ಹೂಜಿಯೊಂದನ್ನೂ, ಉದ್ದ ಕತ್ತಿನ ಹೂದಾನಿಯೊಂದನ್ನೂ, ಚಹಾ ಕುದಿಸುವ ಪಾತ್ರೆಯ ಮುಚ್ಚಳವೊಂದನ್ನೂ ಗೆದ್ದೆ. ಪಾತ್ರೆ ಬೇರೆಯವರ ಪಾಲಾಗಿತ್ತು.

"ಮುಚ್ಚಳ ಬಂತು. ಗಡಿಗಿ ಯಾವಾಗ ಬರ್ತದ?" ಎಂದು ಅವ್ವ ಕೇಳಿದಳು.

ಹೂದಾನಿಯಲ್ಲಿ ಅವಳು ಸೌಟುಗಳನ್ನು ಇಟ್ಟಳು. ನಾನು ತೆಗೆದೆ. ಮರುದಿನ ಮತ್ತೆ ಇಟ್ಟಳು. ಈಗ ಅದು ಸೌಟಿನ ಡಬ್ಬಿ.

ಹೀಗಿರುವಾಗ ಶ್ರಾವಣದ ಪುರಾಣ ಮುಗಿಯುವ ದಿನ ವೈನಿ ನನ್ನನ್ನು ತಮ್ಮ ತವರಿಗೆ ಕರೆದೊಯ್ದರು. ವೈನಿ ಎಂದರೆ ಅಣ್ಣನ ಹೆಂಡತಿ ಸುನಂದಾ. ತವರು ಹುಮನಾಬಾದಿನಲ್ಲೇ, ಒಂದು ಹಳೆಯ ಓಣಿಯಲ್ಲಿ. ಓಣಿಯ ತುದಿಗೆ ಸಣ್ಣ ಮಠ. ವೈನಿಯ ತಾಯಿ ಗುರುಬಾಯಿ ಅತ್ತಿ ನನಗೆ ಶೇಂಗಾ ಹೋಳಿಗೆ ಬಡಿಸುತ್ತಾ ಬಹಳ ಖುಷಿಯಲ್ಲಿದ್ದರು.

"ಉಣ್ಣು, ಎಷ್ಟು ಬಡಕಲಾಗೀದಿ ನೋಡು. ನಾಳಿನ ಮಜ್ಜಿಗಿ ಸೇವಾ ಈ ವರ್ಷ ನಂದಾಗ್ತದ, ಗೊತ್ತದೇನು? ಜಗ್ಗ ಹಿಡದವರೇ ಊರ ಮಂದಿಗೆಲ್ಲ ಮಜ್ಜಿಗಿ ಹಾಕಬೇಕು. ನಾ ಪ್ರತಿ ವರ್ಷ ಕೂಗಸ್ತೀನಿ, ಗಂಜಿನ ಸೇಠ ಮ್ಯಾಲ ಏರಿಸಿ ಒಯ್ತಾನ. ಈ ಸಲ ಓಣಿ ಮಂದಿ ಕೂಡಿ ಹೇಳ್ಯಾರ, ಗುರುಬಾಯಿಗಿ ಬಿಡ್ರಿ, ಆಕಿ ಆಸಿ ತೀರ್ಲಿ ಅಂತ. ಮೊಸರಿಗಿ ಹೇಳೀನಿ. ಸೀರಿನೂ ತಂದೀನಿ."

ಈರುಳ್ಳಿ ಬಣ್ಣದ ಸೀರೆಯನ್ನು ಡಬ್ಬಿಯಿಂದ ತೆಗೆದು ತೋರಿಸಿದರು.

"ಛಲೋ ಆತ್ರಿ ಅತ್ತಿ," ಎಂದೆ.

ನನ್ನ ಕಣ್ಣು ಫೋನಿನಲ್ಲಿ, ಮುಂಬಯಿಯಿಂದ ಹರಾಜಿಗೆ ಬಂದಿದ್ದ ಸಕ್ಕರೆ ಡಬ್ಬಿಯ ಮೇಲಿತ್ತು. ಅತ್ತಿಯ ಮಾತಿನಲ್ಲಿ ನನಗೆ ತಲುಪಿದ್ದು ನಾಳೆ ಮಜ್ಜಿಗೆ ಸಿಗುತ್ತದೆ ಎಂಬಷ್ಟೇ.

ಸಂಜೆ ಮಠಕ್ಕೆ ಹೋದೆವು. ಅತ್ತಿ, ವೈನಿ ಇಬ್ಬರೂ ಸೀದಾ ಹಿಂದಿನ ದಾಸೋಹದ ಮನೆಗೆ ನಡೆದು ರವೆಯ ಸಜ್ಜಕದ ಕಡಾಯಿಗೆ ಕೈ ಹಾಕಿದರು. ಪುರಾಣ ಮುಗಿದ ಮೇಲೆ ದೇವರಿಗೆ ಬಂದ ಸಾಮಾನುಗಳ ಸವಾಲು, ಎಂದರೆ ಹರಾಜು ನಡೆಯುವುದು ನಮ್ಮ ಕಡೆಯ ರೂಢಿ. ತೆಂಗಿನಕಾಯಿ, ಖಣ, ಕಲಶ ಎಲ್ಲ ಗದ್ದಿಗೆಯ ಮುಂದೆ ಸಾಲಾಗಿದ್ದವು. ಸಾಲಿನ ಕೊನೆಗೆ ಆ ಹೂಜಿ.

ನಾನು ಬಗ್ಗಿದೆ. ತಲೆಕೆಳಗು ಮಾಡಿ ತಳದಲ್ಲಿ ಗುರುತು ಹುಡುಕಿದೆ. ಗುರುತು ಇರಲಿಲ್ಲ, ಗುರುತು ಹಾಕುವ ಪದ್ಧತಿಗಿಂತ ಹಿಂದಿನದು ಎಂದುಕೊಂಡೆ. ಕಿವಿಗೆ ಹಚ್ಚಿ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿದೆ.

"ನೋಡವ್ವಾ, ಕಲಿತ ಹುಡುಗಿ. ಜಗ್ಗಕ್ಕ ಕಿವಿ ಹಚ್ಚಿ ಏನೋ ಕೇಳಾಕತ್ತಾಳ," ಎಂದಳು ಹಿಂದೆ ಕೂತ ಹೆಂಗಸು.

"ಓಂಕಾರ ಕೇಳ್ತದಂತ," ಎಂದಳು ಇನ್ನೊಬ್ಬಳು.

ಅವರೆಲ್ಲ ಅದನ್ನು ಜಗ್ಗ ಎನ್ನುತ್ತಿದ್ದರು. ನಾನೊಬ್ಬಳೇ ಹೂಜಿ ಎನ್ನುತ್ತಿದ್ದೆ. ಬೆಲೆ ಏರತೊಡಗಿದ್ದು ಅಲ್ಲಿಂದಲೇ. ಚಿತ್ರ ತೆಗೆದು ಬಳಗಕ್ಕೆ ಕಳಿಸಿದೆ. "ಬಿಡಬೇಡಿ, ಮುಖದಲ್ಲಿ ಆಸೆ ತೋರಿಸಬೇಡಿ," ಎಂದು ಒಬ್ಬರು ಉತ್ತರಿಸಿದರು. ಮುಖದಲ್ಲಿ ಏನನ್ನೂ ತೋರಿಸದಿರುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಸವಾಲು ಕೂಗುವವರು ರೇವಣಪ್ಪನವರು. ಗಂಜಿನ ದವಸದ ಮಾರುಕಟ್ಟೆಯಲ್ಲಿ ತೊಗರಿಯ ದರ ಕೂಗಿ ಕೂಗಿ ಗಂಟಲು ಹದ ಮಾಡಿಕೊಂಡವರು. ಮೈಕು ಅವರಿಗೆ ಬರೀ ಅಲಂಕಾರ. ತೆಂಗಿನಕಾಯಿ ಹೋಯಿತು. ಗೆದ್ದವರು ಎದೆಗೆ ಅಪ್ಪಿಕೊಂಡು ಮನೆಗೆ ಒಯ್ದರು. ಖಣ ಹೋಯಿತು, ಅದನ್ನೂ ಒಯ್ದರು. ನಾನು ಎಲ್ಲವನ್ನೂ ಗಮನಿಸಿ ನಿಯಮ ಅರ್ಥ ಮಾಡಿಕೊಂಡೆ. ಗೆದ್ದವರು ಒಯ್ಯುತ್ತಾರೆ.

"ಜಗ್ಗ ಬಂತ್ರಿ, ಜಗ್ಗ. ಈ ವರ್ಷ ಯಾರು ಹಿಡೀತೀರಿ?"

ಮುಂದಿನ ಸಾಲಿನಲ್ಲಿ ಕೆಂಪು ರುಮಾಲಿನ ಹಿರಿಯರೊಬ್ಬರು ಕೂತಲ್ಲಿಂದಲೇ ಸಣ್ಣ ಮೊತ್ತವೊಂದನ್ನು ಹೇಳಿದರು. ಬೇರೆ ಯಾರೂ ತುಟಿ ಬಿಚ್ಚಲಿಲ್ಲ. ಇಷ್ಟು ಜನರಲ್ಲಿ ಈ ವಸ್ತುವಿನ ಬೆಲೆ ಬಲ್ಲವರು ಇಬ್ಬರೇ, ನಾನು ಮತ್ತು ಆತ ಎಂದು ಹೊಳೆಯಿತು. ದಾರ ಕಟ್ಟಿದ ಕನ್ನಡಕ, ಅವಸರವಿಲ್ಲದ ದನಿ. ಹೈದರಾಬಾದಿನ ಹಳೆ ಸಾಮಾನಿನ ವ್ಯಾಪಾರಿಯೇ ಇರಬೇಕು. ಓಣಿಯ ಮುಗ್ಧ ಭಕ್ತರ ಕಣ್ಣೆದುರಿಗೇ ಲೂಟಿ ನಡೆಯುತ್ತಿತ್ತು. ತಡೆಯುವುದು ನನ್ನ ಕರ್ತವ್ಯವಾಗಿತ್ತು.

ಕೈ ಎತ್ತಿದೆ.

ಮಂದಿಯೆಲ್ಲ ಹಿಂದಕ್ಕೆ ಕತ್ತು ಹೊರಳಿಸಿತು. ಅಲ್ಲಿ ಹೆಂಗಸರು ಕೂಗಬೇಕಾದರೆ ಮುಂದೆ ಕೂತ ಹಿರಿಯರೊಬ್ಬರ ಮೂಲಕ ಕೂಗಿಸುತ್ತಾರೆ. ಯಾರೂ ತಾವೇ ಕೈ ಎತ್ತುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಕೆಂಪು ರುಮಾಲಿನವರನ್ನು ಮುಂದೆ ಕೂಡಿಸಿದವರು ನಮ್ಮ ಅತ್ತಿಯೇ ಎಂಬುದೂ ಗೊತ್ತಿರಲಿಲ್ಲ.

"ಯಾರ್ರಿ ಅದು, ಅಕ್ಕಾವ್ರು?" ಎಂದರು ರೇವಣಪ್ಪನವರು.

ಹಿರಿಯರು ಕೆಮ್ಮಿ, ಸ್ವಲ್ಪ ಏರಿಸಿದರು. ನಾನೂ ಏರಿಸಿದೆ. ಅವರು ದಾಸೋಹದ ಮನೆಯ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಹೊಗೆಯ ಹೊರತು ಯಾರೂ ಇರಲಿಲ್ಲ. ಎದುರಾಳಿಯ ಧೈರ್ಯ ಕುಸಿಯುತ್ತಿದೆ ಎಂದುಕೊಂಡು ಇನ್ನೊಮ್ಮೆ ಏರಿಸಿದೆ.

ಅವರು ಪೂರ್ತಿ ತಿರುಗಿ ನನ್ನನ್ನು ನೋಡಿದರು. "ತಂಗಿ, ತಿಳದು ಕೂಗಾಕತ್ತೀಯೇನು?"

ಗಾಬರಿಯಾದಾಗ ನನ್ನ ಬಾಯಿಂದ ಪುಸ್ತಕದ ಕನ್ನಡ ಬರುತ್ತದೆ. "ತಿಳಿದೇ ಕೂಗುತ್ತಿದ್ದೇನೆ," ಎಂದೆ.

ಹಿರಿಯರು ಕೈಮುಗಿದು ಸುಮ್ಮನಾದರು. ಒಳ್ಳೆಯ ಸೋಲು ಎಂದು ಮೆಚ್ಚಿದೆ. ರೇವಣಪ್ಪನವರು ಮೂರು ಸಲ ಕೂಗಿ "ಹರ ಹರ" ಎಂದರು. ಮಂದಿಯೆಲ್ಲ "ಮಹಾದೇವ" ಎಂದಿತು. ಎಷ್ಟಕ್ಕೆ ಮುಗಿಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಮಠದ ಅಪ್ಪಾವರು, ಎಂದರೆ ಸ್ವಾಮಿಗಳು, ಕರೆದು ಶಾಲು ಹೊದಿಸಿದರು. "ಕಲಿತ ಮಗಳು. ಇಂಥಾ ಸೇವಾಭಾವ ಈಗಿನವರೊಳಗ ಕಾಣೂದಿಲ್ಲ," ಎಂದರು. ಪಿಂಗಾಣಿಯ ರಕ್ಷಣೆಯೂ ಒಂದು ಸೇವೆಯೇ ತಾನೇ ಎಂದು ವಿನಯದಿಂದ ತಲೆ ಬಾಗಿಸಿದೆ. ಹೂಜಿಯನ್ನು ಓಢಣಿಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದು, ಒಂದು ಚಪ್ಪಲಿ ಹಾಕಿಕೊಂಡು, ರೇವಣಪ್ಪನವರಿಗೆ ಹಳೆಯ ಪೇಪರ್ ಇದೆಯೇ ಎಂದು ಕೇಳಿದೆ.

"ಪೇಪರ್ ಯಾಕ್ರಿ?"

"ಬಸ್ಸಿನಲ್ಲಿ ಒಯ್ಯಬೇಕಲ್ಲ. ಒಡೆಯಬಾರದು."

"ಎಲ್ಲಿಗಿ ಒಯ್ತೀರಿ?"

"ಬಸವಕಲ್ಯಾಣಕ್ಕೆ."

ರೇವಣಪ್ಪನವರು ಮೈಕನ್ನು ಕೆಳಗಿಟ್ಟರು. ಮೈಕಿಲ್ಲದೆಯೂ ಮಾತು ಗದ್ದಿಗೆಯವರೆಗೆ ಕೇಳಿಸಿತು. "ಅಕ್ಕಾವ್ರ, ಜಗ್ಗ ಮಠದ್ದು. ಅದು ಎಲ್ಲಿಗೂ ಹೋಗೂದಿಲ್ಲ. ನೀವು ಹಿಡದದ್ದು ಸೇವಾ. ನಾಳಿ ಮುಂಜಾನಿ ಇದರಲೇ ಊರಿಗೆಲ್ಲ ಮಜ್ಜಿಗಿ ಹಾಕೂದು ನೀವು."

ಮಧ್ಯಾಹ್ನದ ಹೋಳಿಗೆ, ಅತ್ತಿಯ ಮಾತು, ಈರುಳ್ಳಿ ಬಣ್ಣದ ಸೀರೆ ಎಲ್ಲ ಒಮ್ಮೆಲೇ ನನ್ನ ತಲೆಗೆ ತಲುಪಿದವು. ಅದೇ ಹೊತ್ತಿಗೆ ದಾಸೋಹದ ಮನೆಯಿಂದ ಅತ್ತಿ ಹೊರಗೆ ಬಂದರು. ಎರಡೂ ಕೈಗೆ ಸಜ್ಜಕ. ಮುಖದಲ್ಲಿ ಮದುವೆ ಮನೆಯ ಕಳೆ.

"ಆತೇನ್ರಿ ಅಣ್ಣಾ? ಹಿಡದ್ರೇನು?" ಎಂದು ಕೆಂಪು ರುಮಾಲಿನವರನ್ನು ಕೇಳಿದರು.

ಅವರು ಗದ್ದ ಎತ್ತಿ ನನ್ನನ್ನು ತೋರಿಸಿದರು. ನಾನು ಶಾಲು ಹೊದ್ದು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಜಗ್ಗವನ್ನು ಕೂಸಿನ ಹಾಗೆ ಅಪ್ಪಿ ನಿಂತಿದ್ದೆ.

"ಅಂಬಿಕಾ, ಇದೇನ್ ಮಾಡಿದಿ?" ಎಂದರು ಅತ್ತಿಯ ಹಿಂದೆಯೇ ಬಂದ ವೈನಿ.

"ಅತ್ತಿ, ನೀವೇ ತಗೋರಿ. ನನಗ ಗೊತ್ತಿರಲಿಲ್ಲ," ಎಂದೆ.

"ಹರ ಹರ ಅಂದದ್ದು ವಾಪಸ್ ಆಗೂದಿಲ್ರಿ," ಎಂದರು ರೇವಣಪ್ಪನವರು. "ಗಂಜಿನ್ಯಾಗೂ ಆಗೂದಿಲ್ಲ, ಮಠದಾಗೂ ಆಗೂದಿಲ್ಲ."

"ಇರ್ಲಿ ಬಿಡ್ರಿ," ಎಂದರು ಅತ್ತಿ. "ಕಲಿತವರು. ಅವರು ಹಿಡೀದೆ ನಮ್ಮಂಥವರು ಹಿಡೀತೀವೇನು? ನೀವೇ ಹಾಕ್ರಿ."

ಮಧ್ಯಾಹ್ನದವರೆಗೆ ಅವರು ನನಗೆ "ಉಣ್ಣು" ಎನ್ನುತ್ತಿದ್ದರು. ಈ ಮರ್ಯಾದೆ ಕಪಾಳಕ್ಕೆ ಬಿದ್ದ ಹಾಗಿತ್ತು.

ವೈನಿ ನನ್ನನ್ನು ಉಳಿಸಲು ನೋಡಿದರು. "ಅವ್ವಾ, ಆಕಿಗಿ ಹಳೇ ಸಾಮಾನ ಅಂದ್ರ ಜೀವ. ಈ ಜಗ್ಗ ನೂರು ವರ್ಷದ್ದು ಅಂತ ತಿಳ್ಕೊಂಡಾಳ, ಪಾಪ."

ಅತ್ತಿ ನನ್ನ ಕಡೆ ತಿರುಗಿದರು.

"ನೂರು ವರ್ಷ? ಹಳೇ ಜಗ್ಗ ಹ್ವಾದ ವರ್ಷ ಒಡದು ಹೋತು. ಇದು ನಾನೇ ತಂದು ಕೊಟ್ಟದ್ದು. ಜಹೀರಾಬಾದ್ ರಸ್ತಾದ ಮ್ಯಾಲ ಗಾಡಿಯೊಳಗ ಇಟ್ಟು ಮಾರ್ತಾರಲ್ಲ, ಅಲ್ಲಿಂದ. ಇಳಿವಾಗ ಬಸ್ಸಿನ ಬಾಗಲಕ್ಕ ಬಡದು ಹಿಡಿಕಿ ಬುಡಕ್ಕ ಜರಾ ಎದ್ದದ ನೋಡ್ರಿ."

ನೋಡುವ ಅಗತ್ಯವಿರಲಿಲ್ಲ. ಆ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು.

ಬಳಗಕ್ಕೆ "ಗೆದ್ದೆ" ಎಂದು ಆಗಲೇ ಬರೆದಾಗಿತ್ತು. ಅಭಿನಂದನೆಗಳು ಬರುತ್ತಲೇ ಇದ್ದವು. ಯಾವ ಕಾಲದ್ದು ಎಂದು ಮುಂಬಯಿಯವರೊಬ್ಬರು ಕೇಳಿದರು. ಹೋದ ಶ್ರಾವಣದ್ದು ಎಂದು ಬರೆಯಲಾಗಲಿಲ್ಲ. ಫೋನು ಆರಿಸಿದೆ.

ಆ ರಾತ್ರಿ ಅತ್ತಿಯ ಮನೆಯಲ್ಲೇ ಉಳಿಯಬೇಕಾಯಿತು. ಅತ್ತಿ ನನಗೆ ಎರಡು ಸಲ ಅನ್ನ ಬಡಿಸಿ, ಎರಡು ಸಲವೂ "ತಗೋರಿ" ಎಂದರು. ಆಮೇಲೆ ಸೀರೆಯನ್ನು ಮಡಿಕೆ ಕೆಡದಂತೆ ಡಬ್ಬಿಯೊಳಗೆ ಇಟ್ಟು ಅಟ್ಟದ ಮೇಲೆ ಸರಿಸಿದರು. ಆ ಸಪ್ಪಳ ಊಟದ ತಟ್ಟೆಯವರೆಗೆ ಬಂತು. ನನಗೆ ಬೇಕಿದ್ದ ಸಾಮಾನು ನನಗೆ ಸಿಕ್ಕಿರಲಿಲ್ಲ; ಅವರಿಗೆ ಬೇಕಿದ್ದ ಮಾನ ಅವರಿಗೆ ಸಿಕ್ಕಿರಲಿಲ್ಲ. ಒಂದೇ ಸಲ ಕೈ ಎತ್ತಿ ಇಬ್ಬರನ್ನೂ ಬರಿಗೈ ಮಾಡಿದ್ದೆ. ನಾನು ಕೆಲಸದಲ್ಲಿ ಮಾತ್ರವಲ್ಲ, ಅನಾಹುತದಲ್ಲೂ ಅಚ್ಚುಕಟ್ಟು.

ಏನಾದರೂ ಮಾತು ಬೇಕಲ್ಲ ಎಂದು, "ಅತ್ತಿ, ಮಜ್ಜಿಗೆಗೆ ಲೀಟರಿಗೆ ಎಷ್ಟು ಗ್ರಾಂ ಉಪ್ಪು?" ಎಂದು ಕೇಳಿದೆ.

ಅತ್ತಿ ವೈನಿಯ ಕಡೆ ತಿರುಗಿದರು. "ನಿನ್ನ ನಾದಿನಿಗಿ ಹೇಳು, ನಾಲಿಗಿ ಅಂತ ಒಂದು ಇರ್ತದ ಅಂತ."

ಮರುದಿನ ಬೆಳಿಗ್ಗೆ ನಾನು ಜಗ್ಗ ಹಿಡಿದು ಮೊದಲ ಪಂಕ್ತಿಯ ಮುಂದೆ ನಿಂತೆ. ಮಜ್ಜಿಗೆ ಹಾಕುವವರು ಸುಮ್ಮನೆ ಹಾಕಿ ಮುಂದೆ ಹೋಗುವ ಹಾಗಿಲ್ಲ. ಪ್ರತಿಯೊಬ್ಬರನ್ನೂ ಮಾತಾಡಿಸಬೇಕು, ಮನೆಯವರನ್ನು ವಿಚಾರಿಸಬೇಕು, ಒಲ್ಲೆ ಎಂದವರಿಗೆ ಒತ್ತಾಯ ಮಾಡಿ ಹಾಕಬೇಕು. ಬಸ್ಸಿನಲ್ಲಿ ಕಿಟಕಿ ನೋಡಿಕೊಂಡು ಬದುಕಿದವಳಿಗೆ ಆ ಮಠದಲ್ಲಿ ಒಂದು ಕಿಟಕಿಯೂ ಸಿಗಲಿಲ್ಲ.

"ಮಜ್ಜಿಗೆ ಬೇಕೇ?" ಎಂದೆ ಮೊದಲನೆಯವರಿಗೆ.

ಅವರು ಗಾಬರಿಯಾಗಿ "ಬ್ಯಾಡ್ರಿ" ಎಂದರು. ನಾನು ಅವರ ನಿರ್ಧಾರವನ್ನು ಗೌರವಿಸಿ ಮುಂದೆ ಹೋದೆ. ಎರಡನೆಯವರೂ ಬೇಡವೆಂದರು. ಮೂರನೆಯವರು ಲೋಟವನ್ನು ಮಗುಚಿಟ್ಟರು. ಇದೇ ರೀತಿ ಹೋದರೆ ಒಂದು ಹನಿಯೂ ಖರ್ಚಾಗದೆ ಸೇವೆ ಮುಗಿಯುತ್ತಿತ್ತು.

ಕಂಬಕ್ಕೆ ಒರಗಿ ನೋಡುತ್ತಿದ್ದ ಗುರುಬಾಯಿ ಅತ್ತಿಗೆ ಇಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದರು.

"ದವಾಖಾನಿಯೊಳಗ ಕೇಳಿದಂಗ ಕೇಳ್ತೀಯಲ್ಲ. ಹಂಗ ಕೇಳಿದ್ರ ಯಾರು ಕುಡೀತಾರ? ಬಾ ಹಿಂದ." ನನ್ನ ಮುಂದೆ ಹೋಗಿ ಮೊದಲನೆಯವರ ಲೋಟವನ್ನು ತಾವೇ ಎತ್ತಿ ಹಿಡಿದರು. "ಏ ಶರಣಪ್ಪ, ಮನ್ಯಾಗ ಹೆಂಡ್ತಿಗಿ ಬ್ಯಾಡ ಅನ್ನಾಕ ಬರೂದಿಲ್ಲ, ಇಲ್ಲಿ ಬಂದು ನನಗ ಬ್ಯಾಡ ಅಂತೀಯೇನು? ಹಾಕು ಅಂಬಿಕಾ, ಕಂಠಮಟ ಹಾಕು."

ಹಾಕಿದೆ. ಅತ್ತಿ ಎರಡನೆಯವರ ಸೊಸೆಯ ಬಾಣಂತನ ವಿಚಾರಿಸಿದರು, ಹಾಕಿದೆ. ಮೂರನೆಯವರ ಮಂಡಿನೋವಿಗೆ ತಮ್ಮ ಮಂಡಿನೋವನ್ನು ಹೋಲಿಸಿದರು, ಹಾಕಿದೆ. ಪಂಕ್ತಿ ಮುಗಿಯುವ ಹೊತ್ತಿಗೆ ಮಂದಿ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, "ಗುರುಬಾಯಿ, ಈ ಸಲ ಮಜ್ಜಿಗಿ ಬೇಷ್ ಅದ ನೋಡು," ಎನ್ನತೊಡಗಿದ್ದರು. ಅತ್ತಿ "ಇರದೇನು, ಮೊಸರ ನಂದು" ಎಂದು ಸೊಂಟದ ಮೇಲೆ ಕೈ ಇಟ್ಟು ನಿಂತರು. ನನ್ನ ಕಡೆ ಯಾರೂ ನೋಡಲಿಲ್ಲ. ಅಷ್ಟು ನೆಮ್ಮದಿ ನನಗೆ ಯಾವ ಹರಾಜಿನಲ್ಲೂ ಸಿಕ್ಕಿರಲಿಲ್ಲ.

ಎರಡನೆಯ ಪಂಕ್ತಿಯ ಮೂಲೆಯಲ್ಲಿ ಕೂತ ಒಬ್ಬ ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ದಿಟ್ಟಿಸಿದಳು. "ಗುರುಬಾಯಿ, ಇದ್ಯಾರು ನಿನ್ನ ಹಿಂದ?"

"ನಮ್ಮ ಬೀಗರ ಮಗಳು," ಎಂದರು ಅತ್ತಿ. "ಎಮ್ಮೆಸ್ಸಿ ಮಾಡ್ಯಾಳ. ಜಗ್ಗ ಹಿಡ್ಯಾಕ ಇಟ್ಕೊಂಡೀನಿ."

ನಾನು ಎರಡೂ ಕೈಯಲ್ಲಿ ಜಗ್ಗ ಹಿಡಿದು, ಅತ್ತಿಯ ಹಿಂದೆ ಮುಂದಿನ ಪಂಕ್ತಿಗೆ ನಡೆದೆ.