ಅಧ್ಯಕ್ಷರು ಓದಿದ ಕೋಳಿಕತೆ

ಬೆಳಿಗ್ಗೆ ಒಂಬತ್ತಕ್ಕೆ ಸರ್ಕಾರಿ ಶಾಲೆಯ ಗೇಟಿನ ಬಳಿ ಹೆಡ್‌ಮಿಸ್ ಉಷಾರಾಣಿ ಖಾಕಿ ಕಾಗದ ಸುತ್ತಿದ ಪುಸ್ತಕವೊಂದನ್ನು ಸಣ್ಣಸ್ವಾಮಿಯ ಕೈಗಿಟ್ಟರು. ಆಗಿದ್ದು ಅಷ್ಟೇ. ಉಳಿದ ಅನಾಹುತವೆಲ್ಲ ಆಮೇಲಿನದು.

"ಯೂನಿವರ್ಸಿಟಿಯೋರು ನಮ್ಮ ಶಾಲೆ ಆರಿಸ್ಕೊಂಡಿದಾರೆ ಅಧ್ಯಕ್ಷರೇ, ಮಕ್ಕಳಿಗೆ ಓದೋದು ಕಲ್ಸೋಕೆ. ಮೂರು ಗಂಟೆಗೆ ಉದ್ಘಾಟನೆ. ಮೊದಲ್ನೇ ಕತೆ ನೀವೇ ಓದ್ಬೇಕಂತೆ. ಅಲ್ಲೀವರ್ಗೂ ಕಾಗದ ಬಿಚ್ಚೋ ಹಾಗಿಲ್ಲ."

"ಅದ್ಕೇನಂತೆ ಮೇಡಂ," ಎಂದ ಸಣ್ಣಸ್ವಾಮಿ. ಅವನಿಗೆ ಓದಲು ಬರುತ್ತಿರಲಿಲ್ಲ.

ಏಳನೇ ಕ್ಲಾಸು ಪಾಸು ಎಂದು ಹೇಳಿಕೊಂಡೇ ಅವನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನಾಗಿದ್ದ. ಕುರ್ಚಿ ಹೋದರೆ ಹೋಗಲಿ, ಅದಕ್ಕೆ ಅಂಗಡಿಯ ಮಹದೇವಪ್ಪ ಹೇಗೂ ಕಾದು ಕೂತಿದ್ದಾನೆ. ಆದರೆ ಮೂರನೇ ಕ್ಲಾಸಿನ ಮಗಳು ಚಿಕ್ಕಿ? ಅಪ್ಪನಿಗೆ ತಿಳಿಯದ್ದು ಲೋಕದಲ್ಲಿಲ್ಲ ಎಂದು ಅವಳು ನಂಬಿದ್ದಾಳೆಂಬುದು ಅವನ ನಂಬಿಕೆ. ಅವಳೆದುರು ತಬ್ಬಿಬ್ಬಾಗಬಾರದೆಂದು ಅವನು ತಪ್ಪಿಸಿಕೊಳ್ಳುವ ಉಪಾಯ ಹುಡುಕತೊಡಗಿದ.

ಮೊದಲ ಉಪಾಯ, ಕಣ್ಣು. ಮಹದೇವಪ್ಪನ ಅಂಗಡಿಯೆದುರು ನಿಂತು, ನಾಲ್ಕು ಜನ ಕೇಳುವಂತೆ, "ಯಾಕೋ ಕಣ್ಣು ಮಂಜು ಕಣ್ರಪ್ಪ. ಚಾಳೀಸು ಬೇರೆ ಒಡ್ದೋಯ್ತು," ಎಂದ.

"ಅಯ್ಯೋ, ನಂದಿಲ್ವಾ?" ಎಂದು ಮಹದೇವಪ್ಪ ತನ್ನದನ್ನೇ ತೆಗೆದು ಅವನ ಮೂಗಿಗೇರಿಸಿದ. ಊರಲ್ಲಿ ಉಪಕಾರಿಗಳಿಗೆ ಬರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಣ್ಣಸ್ವಾಮಿಯ ಜೇಬಿನಲ್ಲಿ ಮೂರು ಚಾಳೀಸುಗಳಿದ್ದವು.

ಎರಡನೆಯದು, ಗಂಟಲು. ಬಿಸಿಯೂಟ ಬೇಯಿಸುವ ವನಜಮ್ಮನ ಬಳಿ ಹೋಗಿ ಪಿಸುಗುಟ್ಟಿದ: "ಗಂಟ್ಲು ಕಟ್ಬುಟ್ಟದೆ ಕಣಕ್ಕ. ಓದಕ್ಕಾಗಕಿಲ್ಲ ಅಂತ ಮೇಡಂಗೆ ನೀನೇ ಹೇಳ್ಬುಡು."

"ಹೇಳಾದೇನ್ ಬಂತು, ಬಾಯ್ ತಗಿ," ಎಂದು ಆಕೆ ಶುಂಠಿ, ಕಾಳುಮೆಣಸಿನ ಕಷಾಯವನ್ನು ಎರಡು ಲೋಟ ಕುಡಿಸಿದಳು. ಉರಿ ತಾಳಲಾರದೆ ಸಣ್ಣಸ್ವಾಮಿ ಹಾಕಿದ ಕೂಗು ಬಸ್‌ಸ್ಟ್ಯಾಂಡಿಗೆ ಕೇಳಿಸಿತು.

"ನೋಡ್ದಾ, ಬುಟ್ಕತು ಗಂಟ್ಲು!" ಎಂದಳು ವನಜಮ್ಮ.

ಎರಡೂವರೆಗೆ ಕೊನೆಯ ಅಸ್ತ್ರ ಬಿಟ್ಟ. ತನ್ನ ಶುಂಠಿ ಹೊಲಕ್ಕೆ ಆನೆ ನುಗ್ಗಿದೆಯೆಂದು ಬೀದಿಯೆಲ್ಲ ಸಾರಿ ಅತ್ತ ಓಡಿದ. ಯಾರೋ ಪುಣ್ಯಾತ್ಮರು ಫೋನು ಮಾಡಿದ್ದರು. ಹತ್ತೇ ನಿಮಿಷದಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡ್ ಧರ್ಮಪಾಲ ಹೊಲವೆಲ್ಲ ಸುತ್ತಿದ, ಲದ್ದಿಯ ಸುಳಿವೂ ಸಿಗಲಿಲ್ಲ.

"ಭಯ ಬಿದ್ದಿದೀರ ಅಣ್ಣ, ನಡ್ಕೊಂಡು ಹೋಗ್ಬೇಡಿ," ಎಂದು ಪ್ರೀತಿಯಿಂದ ಜೀಪಿನಲ್ಲಿ ಕೂರಿಸಿಕೊಂಡು ಶಾಲೆಯ ಬಾಗಿಲಿಗೇ ತಂದು ಇಳಿಸಿದ. ಮೂರಕ್ಕೆ ಇನ್ನೂ ಐದು ನಿಮಿಷವಿತ್ತು.

ಯೂನಿವರ್ಸಿಟಿಯಿಂದ ಬಂದಿದ್ದ ತೇಜಸ್ವಿನಿ ಮೇಡಂ ಮೈಕು ಕೊಟ್ಟರು. ಊರೇ ನೆರೆದಿತ್ತು. ಸಣ್ಣಸ್ವಾಮಿ ಕಾಗದ ಹರಿದು ಪುಟ ತೆರೆದ. ಒಂದು ಕೋಳಿ. ಮುಂದಿನ ಪುಟದಲ್ಲಿ ಕೋಳಿ ಮತ್ತು ನರಿ. ಸರಸರನೆ ಮಗುಚಿದ. ಹನ್ನೆರಡು ಪುಟಗಳಲ್ಲಿ ಬರೀ ಚಿತ್ರ, ಒಂದಕ್ಷರವೂ ಇಲ್ಲ!

ಹೋದ ಜೀವ ಬಂದಂತಾಯಿತು. ಕೋಳಿಯಾಗಿ ಕೂಗಿದ, ನರಿಯಾಗಿ ಊಳಿಟ್ಟ, ನರಿಯನ್ನು ಕಾಫಿ ಒಣಗಿಸುವ ಕಣದ ತುಂಬ ಅಟ್ಟಾಡಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅರಳಿದ ಚಿಕ್ಕಿಯ ಮುಖ ನೋಡಿ ಅವನಿಗೆ ಕಣ್ಣು ತುಂಬಿ ಬಂತು.

"ಅದ್ಭುತ ಸಾರ್!" ಎಂದರು ತೇಜಸ್ವಿನಿ. "ನಮಗೆ ಬೇಕಾಗಿದ್ದೇ ಇದು, ಊರಿನೋರ ಬಾಯಲ್ಲಿ ಬಂದ ಕತೆ. ಈಗ ಹೇಳಿದ್ದನ್ನೆಲ್ಲ ಒಂದೊಂದು ಚಿತ್ರದ ಕೆಳಗೂ ನಿಮ್ಮ ಕೈಯಾರೆ ಬರ್ದುಬಿಡಿ. ನಾಳೆಯಿಂದ ಮಕ್ಕಳು ಅದನ್ನೇ ಓದ್ತಾರೆ." ಅವನ ಕೈಗೊಂದು ಪೆನ್ನು ಬಂತು.

ಸಣ್ಣಸ್ವಾಮಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಬೆವರುತ್ತ ಕೋಳಿಯ ಕೆಳಗೆ ಅದನ್ನೇ ಬರೆದ.

"ಕೋಳಿಗೆ ನಿಮ್ಮ ಹೆಸರೇ! ಚೆನ್ನಾಗಿದೆ. ನರಿ ಹೆಸರು?"

ಪೆನ್ನು ಅಲ್ಲೇ ನಿಂತಿತು. ಮಹದೇವಪ್ಪ ಕತ್ತು ಚಾಚಿದ. ಅಷ್ಟರಲ್ಲಿ ಚಿಕ್ಕಿ ಎದ್ದುಬಂದು, ಮೈಕಿನ ಪರಿವೆಯೇ ಇಲ್ಲದೆ, ಗುಟ್ಟಿನ ದನಿಯಲ್ಲಿ ಹೇಳಿದಳು:

"ಮಿಸ್, ನಮ್ಮಪ್ಪಂಗೆ ಓದಕ್ಕೂ ಬರಲ್ಲ, ಬರಿಯಕ್ಕೂ ಬರಲ್ಲ. ನಂಗೆ ಒಂದ್ನೇ ಕ್ಲಾಸಿಂದ್ಲೂ ಗೊತ್ತು. ಪಾಪ, ಬೇಜಾರ್ ಮಾಡ್ಕತದೆ ಅಂತ ನಾನ್ ಯಾರ್ಗೂ ಹೇಳಿಲ್ಲ."

ಧ್ವನಿವರ್ಧಕ ಅದನ್ನು ಊರಿಗೆಲ್ಲ ಮುಟ್ಟಿಸಿತು. ಚಿಕ್ಕಿ ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡು ಕಾಲು ಮಡಚಿ ಕೂತಳು.

"ನೀನ್ ಹೇಳಪ್ಪ, ನಾನ್ ಬರ್ಕತೀನಿ."