ನಮ್ಮ ಪಾದ್ರಿಗಳ ನಶ್ಯ, ಸಿಟ್ಟು ಮತ್ತು ದೀಕ್ಷಾಸ್ನಾನ

ದೇವರ ಕೆಲಸ ಮಾಡುವವರ ಹಿಂದೆ ಹಾರ್ಮೋನಿಯಂ ಹೊತ್ತು ತಿರುಗುವವನಿಗೆ ದಿನಕ್ಕೊಂದು ಗಂಭೀರ ಅನುಭವ ಆಗುತ್ತದೆ ಎಂದು ನೀವು ತಿಳಿದಿದ್ದರೆ ತಪ್ಪು. ನನಗೆ ಆದದ್ದೆಲ್ಲ ನಗು ತಡೆದುಕೊಳ್ಳುವ ಅನುಭವವೇ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಭಾನುವಾರ ಮಾತ್ರ ನಮ್ಮ ಸಣ್ಣ ಚರ್ಚಿನಲ್ಲಿ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಪಾದ್ರಿಗಳು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಹಳ್ಳಿಗಳನ್ನು ಒಂದು ಸೈಕಲ್ಲು ಮತ್ತು ಕೆಂಪು ಬಸ್ಸಿನ ಮೇಲೆ ಸುತ್ತುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಅಲ್ಲಿ ಅವರು ಇರುತ್ತಿದ್ದರು. ಆದರೆ ಅವರಿಗೆ ಮೂರು ದೋಷ: ನಶ್ಯ ಏರಿಸುತ್ತಿದ್ದರು, ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು, ಎಲ್ಲಿಗೂ ಹೇಳಿದ ಹೊತ್ತಿಗೆ ಹೋಗುತ್ತಿರಲಿಲ್ಲ. ಈ ಮೂರನ್ನೂ ನಾನು ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅವರನ್ನು ನಮ್ಮೂರಿನಿಂದ ಎತ್ತಂಗಡಿ ಮಾಡಿಸಲು ಸಭೆಯವರು ಕಳಿಸಿದ ಅರ್ಜಿ ನನ್ನ ಕೈಬರಹದಲ್ಲೇ ಇತ್ತು. ಆ ನಾಚಿಕೆ ನನಗೆ ಇಂದಿಗೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಹಿರೇಹಡಗಲಿಯ ಗೌಂಡಿ

ದೀಕ್ಷಾಸ್ನಾನಕ್ಕೆ ಮೊದಲು ಪಾದ್ರಿಗಳು ಎರಡು ತಿಂಗಳು ಪಾಠ ಹೇಳುತ್ತಿದ್ದರು. ನೀರಿಗೆ ಇಳಿದಾಗ ಹಳೆಯ ಮನುಷ್ಯನನ್ನು ಮಣ್ಣು ಮಾಡಿದಂತೆ, ಮೇಲೆ ಎದ್ದಾಗ ಹೊಸದಾಗಿ ಹುಟ್ಟಿದಂತೆ, ಹಳೆಯ ಚಟ ಯಾವುದೂ ಜೊತೆಗೆ ಬರಬಾರದು ಎನ್ನುತ್ತಿದ್ದರು. ಹಿರೇಹಡಗಲಿಯಲ್ಲಿ ಪಾಠಕ್ಕೆ ಕೂತಿದ್ದ ಒಬ್ಬ ಗೌಂಡಿ ಬಾಯಲ್ಲಿದ್ದ ತಂಬಾಕು ಉಗುಳಿ ಬಂದು ಎದುರಿಗೆ ಕೂತ.

"ಅಯ್ಯನೋರೇ, ಇವತ್ತಿಂದ ನಾ ತಂಬಾಕು ಬಿಟ್ಟೆ. ನಿಮ್ಮ ನಶ್ಯದ ಡಬ್ಬಿ ಎಂದು ಬಿಡ್ತೀರಿ?"

ಪಾದ್ರಿಗಳು ನನ್ನ ಮುಖ ನೋಡಿದರು. ನಾನು ಹಾರ್ಮೋನಿಯಂ ನೋಡಿದೆ. ಅವರು ಡಬ್ಬಿ ತೆಗೆದು ಗೌಂಡಿಯ ಕೈಗೆ ಕೊಟ್ಟರು.

ಆಮೇಲಿನ ಎಂಟು ದಿನ ನಾವು ಪಟ್ಟ ಪಾಡು ಹೇಳತೀರದು. ಸಾರು ಬಿಸಿ ಇದೆ ಎಂದು ಹೆಂಡತಿಗೆ ಬೈದರು, ಆರಿದೆ ಎಂದೂ ಬೈದರು. ನಾನು ಹಾಡಿಗೆ ಶ್ರುತಿ ಕೊಟ್ಟರೆ ಶ್ರುತಿಗೂ ಬೈದರು. ಒಂಬತ್ತನೆಯ ದಿನ ಆ ಗೌಂಡಿ ಕೆಲಸ ಬಿಟ್ಟು ಹಿರೇಹಡಗಲಿಯಿಂದ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. ತನಗೆ ತಂಬಾಕಿನ ನೆನಪೂ ಇಲ್ಲವೆಂದು ಹೇಳಿ ಕೈಮುಗಿದ.

"ನೀವು ಏರಿಸ್ರಿ ಅಯ್ಯನೋರೇ. ನಿಮ್ಮ ಸಿಟ್ಟು ತಡಿಯಾಕ ನಮ್ಮ ಕೈಲಿ ಆಗವಲ್ದು."

ಪಾದ್ರಿಗಳು ಅಲ್ಲೇ ಒಂದು ಚಿಟಿಕೆ ಏರಿಸಿದರು. ಮುಂದಿನ ಭಾನುವಾರ ಇದಿಷ್ಟನ್ನೂ ಮುಚ್ಚಿಡದೆ ಸಭೆಗೆ ಹೇಳಿದರು. ಹೊಸ ಮನುಷ್ಯ ಹೇಗಿರುತ್ತಾನೆ ಎಂದು ನೋಡಬೇಕಿದ್ದರೆ ಹಿರೇಹಡಗಲಿಗೆ ಹೋಗಿ ನೋಡಿ, ನನ್ನನ್ನು ನೋಡಬೇಡಿ ಎಂದು ಹೇಳಿ ಒಂದು ದೊಡ್ಡ ಸೀನು ಸೀನಿದರು.

ಆರು ಮಂದಿ ತಂಗಿಯರು

ಇಟ್ಟಿಗಿಯಲ್ಲಿ ಒಂದು ಸಲ ಆರು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಆಯಿತು. ಇವತ್ತಿನಿಂದ ನಾವೆಲ್ಲ ಒಂದೇ ಮನೆಯವರು, ನೀವು ನನಗೆ ತಂಗಿಯರು, ನಾನು ನಿಮಗೆ ಅಣ್ಣ ಎಂದು ಪಾದ್ರಿಗಳು ಉಪದೇಶ ಮಾಡಿ ಬಂದರು. ಅದು ಪ್ರತಿ ಸಲ ಹೇಳುವ ಮಾತೇ. ಆದರೆ ನಮ್ಮ ಕಡೆ ಅಣ್ಣ ಅನ್ನಿಸಿಕೊಂಡವನಿಗೆ ಪಂಚಮಿ ಹಬ್ಬದಲ್ಲಿ ಏನು ಕೆಲಸ ಇರುತ್ತದೆ ಎಂಬುದು ಅವರಿಗೆ ಆಗ ನೆನಪಾಗಿರಲಿಲ್ಲ.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ಆರೂ ಮಂದಿ ಗಂಟು, ಮಕ್ಕಳು ಸಮೇತ ಪಾದ್ರಿಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಇವರು ಗಾಬರಿಯಾಗಿ, ನಾಗರ ಪೂಜೆ ಬಿಟ್ಟ ಮೇಲೆ ಪಂಚಮಿ ಯಾಕಮ್ಮಾ ಎಂದು ಕೇಳಿದರು. ಅವರಲ್ಲಿ ಹಿರಿಯಾಕೆ ಸಮಾಧಾನವಾಗಿ ಉತ್ತರ ಕೊಟ್ಟಳು.

"ಹಾಲೆರಿಯೋದು ಬಿಟ್ಟೀವ್ರಿ. ತವರಿಗೆ ಹೋಗೋದು ಬಿಡಾಕ ಆಗತೈತೇನು? ನಮ್ಮ ತವರಿನವರು ಬಾಗಿಲಾ ಹಾಕ್ಯಾರ. ನೀವು ಅಣ್ಣ ಅಂದೀರಲ್ಲ, ಬಂದೀವಿ."

ಪಾದ್ರಿಗಳ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ನಶ್ಯದ ನೆಪ ಮಾಡಿದರು. ಆಮೇಲೆ ಐವತ್ತು ದಾಟಿದ ಆ ಮನುಷ್ಯ ಚರ್ಚಿನ ಅಂಗಳದ ಬೇವಿನ ಮರ ತಾವೇ ಹತ್ತಿ ಜೋಕಾಲಿ ಕಟ್ಟಿದರು. ಅಂಥವರನ್ನು ಕಂಡು ನನಗೆ ಹೆಮ್ಮೆಯಾಯಿತು. ಒಳಗೆ ಪಾದ್ರಿಗಳ ಹೆಂಡತಿ ಅಮ್ಮನವರು ಶೇಂಗಾ ಹುರಿಯುತ್ತ ಕೂತಿದ್ದರು. ಉಂಡಿ ಕಟ್ಟಲು ನಾನೂ ಕೈಹಾಕಿದಾಗ ಮೆಲ್ಲಗೆ ಹೇಳಿದರು: "ನಾದಿನೇರು ಇಲ್ಲದ ಮನಿ ಅಂತ ನಮ್ಮಪ್ಪ ಹುಡುಕಿ ಹುಡುಕಿ ಇಲ್ಲಿಗೆ ಕೊಟ್ಟಿದ್ದ ನೋಡ್ರಿ ಮಾಸ್ತರೇ."

ಕೊಟ್ಟೂರು ಬಸ್ಸು

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರು ಒಬ್ಬ ಮುದುಕಿಯನ್ನು ಗದರಿಸಿದ. ಪಾದ್ರಿಗಳು ಎದ್ದು ನಿಂತು ಅವನ ಜನ್ಮ ಜಾಲಾಡಿಬಿಟ್ಟರು. ಇಳಿದ ಮೇಲೆ ಅವರಿಗೆ ಪಶ್ಚಾತ್ತಾಪ ಶುರುವಾಯಿತು. ಮುದುಕಿಯ ಪರ ಮಾತಾಡಿದ್ದು ಸರಿ, ಆದರೆ ಅಷ್ಟು ಬೈಯಬಾರದಿತ್ತು, ಕ್ಷಮೆ ಕೇಳಲೇಬೇಕು ಎಂದರು.

ಮರುದಿನ ಅದೇ ಬಸ್ಸಿಗೆ ರಸ್ತೆಯ ಬದಿಯಲ್ಲಿ ಕಾದೆವು. ಕಂಡಕ್ಟರು ಬಿಳಿ ನಿಲುವಂಗಿಯನ್ನು ದೂರದಿಂದಲೇ ಕಂಡು ರೈಟ್ ಹೇಳಿಬಿಟ್ಟ. ಬಸ್ಸು ನಿಲ್ಲಲಿಲ್ಲ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಪಾದ್ರಿಗಳು ನಡುರಸ್ತೆಯಲ್ಲಿ ನಿಂತರು. ಬಸ್ಸು ನಿಂತಿತು. ಕಂಡಕ್ಟರು ಬಾಗಿಲಿನಿಂದ ಇಳಿದು ಎರಡೂ ಕೈ ಜೋಡಿಸಿ, ತಪ್ಪಾತ್ರಿ, ಇನ್ನ ಯಾವ ಮುದುಕಿಗೂ ಏನೂ ಅನ್ನಂಗಿಲ್ಲ ಎಂದು ಶುರುಮಾಡಿದ. ಪಾದ್ರಿಗಳಿಗೆ ಮತ್ತೆ ಸಿಟ್ಟು ಬಂತು.

"ಸುಮ್ನಿರಪ್ಪ. ನಾಲ್ಕು ದಿನದಿಂದ ಕ್ಷಮೆ ಕೇಳಾಕ ನಿಂತಾಂವ ನಾನು. ನಡುವ ಬಾಯಿ ಹಾಕಬ್ಯಾಡ."

ಅರ್ಜಿ

ಒಂದು ಮನೆಯ ದೀಕ್ಷಾಸ್ನಾನಕ್ಕೆ ಪಾದ್ರಿಗಳು ಮೂರು ತಾಸು ತಡವಾಗಿ ಹೋದರು. ನೆಂಟರೆಲ್ಲ ಹಸಿದು ಕೂತಿದ್ದರು. ಆ ಮನೆಯ ಯಜಮಾನರು ನಮ್ಮ ಸಭೆಯಲ್ಲಿ ದೊಡ್ಡವರು. ಅವರು ನನ್ನ ಮನೆಗೆ ಬಂದು, ನಿಮ್ಮ ಅಕ್ಷರ ಚಂದ, ಬರೀರಿ ಎಂದರು. ನನಗೂ ಶ್ರುತಿಯ ಬೈಗುಳ ಹಸಿಯಾಗಿತ್ತು, ಬರೆದೆ. ಎರಡೂವರೆ ಪುಟ ಆಯಿತು. ಇಂಥ ಗುರು ನಮಗೆ ಬೇಡ ಎಂದು ಮುಗಿಸಿದೆ.

ಅದನ್ನು ಹಿಡಿದುಕೊಂಡು ಮೇಲಿನ ಹಿರಿಯ ಪಾದ್ರಿಗಳು ಒಂದು ಭಾನುವಾರ ಬಂದರು. ನಮ್ಮ ಪಾದ್ರಿಗಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಒಂದೊಂದೇ ದೋಷ ಓದಿ, ನಿಜವೋ ಸುಳ್ಳೋ ಎಂದು ಕೇಳಿದರು. ಇವರು ಪ್ರತಿಯೊಂದಕ್ಕೂ ನಿಜ ಎಂದರು. ನಶ್ಯದ ಸಾಲು ಬಂದಾಗ, ಅದನ್ನು ಸ್ವಲ್ಪ ಕಮ್ಮಿ ಬರೆದಾರ್ರಿ ಎಂದು ತಿದ್ದಿದರು. ಅದರ ಹಿಂದಿನ ವರ್ಷ ನನ್ನ ಮಗಳು ಜ್ವರದಲ್ಲಿ ಮಲಗಿದ್ದಾಗ ಮೂರು ದಿನ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಇವರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಓದು ಮುಗಿಸಿ ಹಿರಿಯರು ಕನ್ನಡಕ ತೆಗೆದರು. "ಇವರ ಕೈಯಿಂದ ತಗೊಂಡ ದೀಕ್ಷಾಸ್ನಾನ ಯಾರಿಗೆ ಸುಳ್ಳು ಅನ್ನಿಸೇತಿ, ಅವರು ಎದ್ದು ನಿಂದರ್ರಿ."

ಯಾರೂ ಏಳಲಿಲ್ಲ. ಯಜಮಾನರು ತಮ್ಮ ಚಪ್ಪಲಿ ಬಿಟ್ಟ ಬಾಗಿಲ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು.

"ನಂದು ಖರೇ ಐತ್ರಿ," ಎಂದಳು. "ನಮ್ಮ ಸೊಸಿಗೆ ಮಾತ್ರ ಇನ್ನೊಂದು ಸಲ ಕೊಡ್ರಿ. ಆಕಿಗೆ ಅದು ಮೈಗೆ ಹತ್ತಿಲ್ಲ."

ಚರ್ಚು ನಕ್ಕಿತು. ಹಿಂದಿನ ಬೆಂಚಿನಲ್ಲಿ ನಮ್ಮ ಪಾದ್ರಿಗಳೂ ಕೊರಳ ಶಲ್ಯ ಬಾಯಿಗೆ ಒತ್ತಿಕೊಂಡು ನಕ್ಕರು. ಹಿರಿಯರು ನಗು ನುಂಗಿಕೊಂಡು ಅರ್ಜಿ ಮಡಿಚಿ ನನ್ನ ಹಾರ್ಮೋನಿಯಂ ಮೇಲೆ ಇಟ್ಟು, ನಿಮ್ಮ ಪಾದ್ರಿಗಳು ಇಲ್ಲೇ ಇರುತ್ತಾರೆ ಎಂದು ಸಾರಿದರು. ನಾನು ಅದನ್ನು ಲಗುಬಗೆಯಿಂದ ಜೇಬಿಗೆ ಹಾಕಿಕೊಂಡೆ. ಆಮೇಲೆ ಅವರು ಮುದುಕಿಯ ಪಕ್ಕದಲ್ಲೇ ಕೂತಿದ್ದ ಆ ಸೊಸೆಯ ಕಡೆ ತಿರುಗಿ, ನಿಮ್ಮತ್ತೆ ಹೀಗನ್ನುತ್ತಾರೆ, ನೀನೇನು ಹೇಳುತ್ತೀಯಮ್ಮ ಎಂದು ಕೇಳಿದರು. ಚರ್ಚಿನಲ್ಲಿ ಆವರೆಗೆ ಆಕೆಯ ದನಿ ಕೇಳಿದವರಿರಲಿಲ್ಲ. ಎದ್ದು ನಿಂತು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

"ನನಗ ಚಲೋ ಹತ್ತೈತ್ರಿ. ಹತ್ತದಿದ್ರ ಹನ್ನೆರಡು ವರ್ಷ ನಮ್ಮತ್ತಿ ಕೂಡ ಬಾಳೇವು ಮಾಡ್ತಿದ್ನೇನ್ರಿ?"