ಗುರಾಣಿ ಹಿಡಿದವನ ಗ್ರೂಪ್ ಫೋಟೋ

ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನ ಜೊತೆ ಪ್ರಯಾಣ ಮಾಡಬೇಕು, ಇಲ್ಲವೇ ವ್ಯವಹಾರ ಮಾಡಬೇಕು ಎನ್ನುತ್ತಾರೆ. ನನಗೆ ಎರಡೂ ಬೇಸರ. ಅವನ ಕೈಗೊಂದು ಮೊಬೈಲ್ ಕೊಟ್ಟು, ಅದರೊಳಗಿನ ಆಟದ ರಾಕ್ಷಸನ ಮುಂದೆ ನಿಲ್ಲಿಸಿದರೆ ಸಾಕು ಎಂಬುದು ಅರವತ್ತರ ಹತ್ತಿರದಲ್ಲಿ ನಾನು ಕಂಡುಕೊಂಡ ಸತ್ಯ. ಈ ವಯಸ್ಸಿಗೆ ಬೇರೆಯವರು ಇನ್ನೂ ದೊಡ್ಡ ಸತ್ಯಗಳನ್ನು ಕಂಡುಕೊಂಡಿರುತ್ತಾರೆ ಎಂದು ಗೊತ್ತು. ನನಗೆ ಸಿಕ್ಕಿದ್ದು ಇದು.

ಈ ಆನ್‌ಲೈನ್ ಆಟವನ್ನು ನಮ್ಮ ಮನೆಗೆ ತಂದವನು ಮಹಡಿ ಮೇಲಿನ ಬಾಡಿಗೆದಾರ ಬಸವರಾಜ. ಬಾಗಲಕೋಟೆಯವನು, ಬಿಟಿಎಂ ಬಡಾವಣೆಯಲ್ಲಿ ಆಫೀಸು. ಮೂವರು ಒಂದಾಗಿ ಗುಹೆಗೆ ನುಗ್ಗಿ ರಾಕ್ಷಸನನ್ನು ಕೊಲ್ಲುವ ಆಟ. ಅವನಿಗೆ ಇಬ್ಬರು ಕಡಿಮೆ ಬಿದ್ದರು. ಕೆಳಗೆ ನಾನು, ನನ್ನ ಹೆಂಡತಿ ಸುಜಾತ ಖಾಲಿ ಕೂತಿದ್ದೆವು. ಹೀಗೆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮೂವರೂ ಹಾಲಿನ ಸೋಫಾದಲ್ಲಿ ಕೂತು ಯುದ್ಧಕ್ಕೆ ಹೊರಡುವ ಪದ್ಧತಿ ಶುರುವಾಯಿತು.

ಕಾದಾಡುವ ಬಗೆಯನ್ನು ಆಟದಲ್ಲಿ ನಾವೇ ಆರಿಸಿಕೊಳ್ಳಬೇಕು. ಆದರೆ ಅದು ಹುಟ್ಟಿನಿಂದಲೇ ಬಂದಿರುತ್ತದೆ ಎಂದು ನನ್ನ ಅನುಮಾನ. ಬಸವರಾಜನದು ಜೋಡಿ ಕತ್ತಿ. ನುಗ್ಗುತ್ತಾನೆ, ನಾಲ್ಕು ಬಾರಿಸುತ್ತಾನೆ, ರಾಕ್ಷಸ ಕೈ ಎತ್ತುವಷ್ಟರಲ್ಲಿ ಉರುಳಿ ಆಚೆ ಹೋಗಿರುತ್ತಾನೆ. ಮನೆ ನೋಡಲು ಬಂದ ದಿನವೂ ಹಾಗೇ, ಮೆಟ್ಟಿಲ ಮೇಲೆ ನಿಂತೇ, "ನೀರು ದಿನಾ ಬರ್ತಾವೇನ್ರಿ? ಇಲ್ಲಂದ್ರ ಈಗ ಹೇಳ್ಬಿಡ್ರಿ" ಎಂದಿದ್ದ. ನಾನಾಗಿದ್ದರೆ ನೀರಿನ ವಿಷಯವನ್ನು ಕಾಫಿ ಆದ ಮೇಲೆ ಎತ್ತುತ್ತಿದ್ದೆ. ಸುಜಾತಳ ತಮ್ಮ ಮಂಜುನಾಥ ಒಂದು ದಿನ ಬಂದು ನನ್ನ ಬದಲು ಬಿಲ್ಲು ಹಿಡಿದ. ದೂರದಿಂದ ಬಾಣ ಬಿಡುವುದು, ರಾಕ್ಷಸ ತಿರುಗಿದರೆ ಓಡುವುದು. ಮದುವೆಮನೆಗಳಲ್ಲೂ ಅವನು ಅಷ್ಟೇ; ದೂರದಿಂದ ಒಂದು ಮಾತು ಎಸೆದು ಊಟದ ಹಾಲಿಗೆ ಹೋಗಿಬಿಡುತ್ತಾನೆ.

ನನ್ನದು ದೊಡ್ಡ ಗುರಾಣಿ. ನಾವು ಚಿಕ್ಕಲಸಂದ್ರದ ಹಳಬರು. ಈಗ ಲೇಔಟ್ ಆಗಿರುವ ಕಡೆ ನಮ್ಮ ರಾಗಿ ಹೊಲವಿತ್ತು. ಬದುವಿನ ಜಗಳ ಬಂದರೆ ನಮ್ಮ ತಾತ ಬಾಯಿ ಬಿಡುತ್ತಿರಲಿಲ್ಲ, ಕೈಯನ್ನೂ ಎತ್ತುತ್ತಿರಲಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ಬದುವಿನ ಮೇಲೆ ನಿಂತುಬಿಡುತ್ತಿದ್ದರು. ಎದುರಾಳಿ ಊಟದ ಹೊತ್ತಾಯಿತೆಂದು ಮನೆಗೆ ಹೋದರೆ ಅದೇ ಗೆಲುವು. ನಾನೂ ಗುರಾಣಿ ಹಿಡಿದು ಹಾಗೇ ನಿಲ್ಲುತ್ತೇನೆ. ತೊಂದರೆ ಏನೆಂದರೆ ಆಟದ ರಾಕ್ಷಸನಿಗೆ ಊಟದ ಹೊತ್ತು ಎಂಬುದಿಲ್ಲ.

ಇಂಥ ಹೊತ್ತಿಗೆಂದೇ ಆಟದಲ್ಲಿ ಒಬ್ಬ ವೈದ್ಯೆ ಇರುತ್ತಾಳೆ. ಆಯುಧವಿಲ್ಲ, ಕೈಯಲ್ಲೊಂದು ಕೋಲು. ಅದನ್ನು ಬೀಸಿದರೆ ಹಸಿರು ಬೆಳಕು ಹೋಗಿ ಪೆಟ್ಟು ತಿಂದವರ ಪ್ರಾಣ ತುಂಬುತ್ತದೆ. ಸುಜಾತ ಆರಿಸಿಕೊಂಡದ್ದು ಇದನ್ನೇ. ಬಂದವರಿಗೆ ಮೊದಲು ಬಡಿಸಬೇಕು, ಮನೆಯವರಿಗೆ ಕೊನೆಯಲ್ಲಿ ಎಂಬುದು ನಮ್ಮ ಅಡುಗೆಮನೆಯ ನಿಯಮ. ಅವಳು ಅದನ್ನು ಗುಹೆಯೊಳಗೂ ತಂದಳು. ಬಸವರಾಜನಿಗೆ ತರಚಿದರೆ ಸಾಕು, ಹಸಿರು ಬೆಳಕು. ಪ್ರಾಣ ತುಂಬಿ ತುಳುಕುತ್ತಿದ್ದರೂ ಇರಲಿ ಎಂದು ಇನ್ನೊಂದು ಸೌಟು. ನನ್ನ ಸರದಿ ಬರುವ ಹೊತ್ತಿಗೆ ನಾನು ಸತ್ತಿರುತ್ತಿದ್ದೆ. ಕೇಳಿದ್ದಕ್ಕೆ, "ನೀವು ಮನೆಯವರು, ಸ್ವಲ್ಪ ಸುಧಾರಿಸ್ಕೊಳ್ಳಿ. ಬಾಡಿಗೆಗೆ ಬಂದೋರ್ನ ಸಾಯೋಕೆ ಬಿಟ್ರೆ ನಾಲ್ಕು ಜನ ಏನಂತಾರೆ?" ಎಂದಳು.

ಸಾಯುವುದನ್ನು ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ಫೋಟೋ. ರಾಕ್ಷಸ ಬಿದ್ದ ಕೂಡಲೇ ಆಟವೇ ಒಂದು ಗ್ರೂಪ್ ಫೋಟೋ ತೆಗೆಯುತ್ತದೆ. ಬದುಕಿದವರು ಎದೆಯುಬ್ಬಿಸಿ ನಿಲ್ಲುತ್ತಾರೆ, ಸತ್ತವನು ಮೂಲೆಯಲ್ಲಿ ಬೋರಲು ಬಿದ್ದಿರುತ್ತಾನೆ. ಸುಜಾತ ಅದನ್ನು ತನ್ನ ತವರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾಳೆ. ಪ್ರತಿ ವಾರ ಮಂಜುನಾಥ, "ಭಾವ ಎಲ್ಲಿ?" ಎಂದು ಕೇಳುತ್ತಾನೆ. ಅವಳು ಮೂಲೆಗೊಂದು ಬಾಣದ ಗುರುತು ಹಾಕಿ ಮತ್ತೆ ಕಳಿಸುತ್ತಾಳೆ. ಒಂದೇ ಒಂದು ಸಲ ನೆಟ್ಟಗೆ ನಿಂತ ಫೋಟೋ ಬೇಕು ಎಂಬ ಆಸೆ ನನ್ನನ್ನು ಹಿಡಿದುಬಿಟ್ಟಿತು.

ಮನೆಯವನಾಗಿದ್ದರೆ ಬದುಕುವುದಿಲ್ಲ, ಬದುಕಬೇಕಾದರೆ ಬಂದವನಾಗಬೇಕು. ಬಸವರಾಜನ ಸ್ನೇಹಿತನೊಬ್ಬ ಬಿಟ್ಟುಹೋಗಿದ್ದ ಆಟದ ಖಾತೆಯನ್ನು ಪಡೆದು, ಹೆಸರನ್ನು 'ಹೊಸಬ' ಎಂದು ಬದಲಿಸಿದೆ. ಭಾನುವಾರ ಕಟಿಂಗ್‌ಗೆ ಹೋಗುತ್ತೇನೆಂದು ಸುಜಾತಳಿಗೆ ಹೇಳಿದೆ. ನನಗಿರುವ ಕೂದಲಿಗೆ, ಕಟಿಂಗ್ ಆಗಿದೆಯೋ ಇಲ್ಲವೋ ನನಗೇ ತಿಳಿಯುವುದಿಲ್ಲ. "ಬೇಗ ಬನ್ನಿ, ಗೀಸರ್ ಹಾಕಿರ್ತೀನಿ" ಎಂದಳು. ನಾನು ಗೇಟು ಸದ್ದು ಮಾಡಿ, ಹೊರಗಿನ ಮೆಟ್ಟಿಲು ಹತ್ತಿ ಬಸವರಾಜನ ಕೋಣೆ ಸೇರಿದೆ. ನನ್ನ ಬದಲಿಗೆ ಆಫೀಸಿನ ಗೆಳೆಯ ಆಡುತ್ತಾನೆಂದು ಅವನು ಅವಳಿಗೆ ಫೋನಿನಲ್ಲಿ ತಿಳಿಸಿದ.

ಆವತ್ತು ನನಗೆ ಸಿಕ್ಕ ಉಪಚಾರ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ರಾಕ್ಷಸ ಇನ್ನೂ ಕೈ ಎತ್ತಿಲ್ಲ, ಆಗಲೇ ಹಸಿರು ಬೆಳಕು. ಬದುವಿನ ಮೇಲೆ ತಾತ ನಿಂತಂತೆ ನಿಂತೆ. ರಾಕ್ಷಸ ಬಿದ್ದ, ಫೋಟೋ ಬಂತು, ನಾನು ನಡುವೆ ನಿಂತಿದ್ದೆ. ಹೊಸಬನಿಗೆ ತಕ್ಕ ಮರ್ಯಾದೆಯಿಂದ "ಥ್ಯಾಂಕ್ಸ್ ಮೇಡಂ" ಎಂದು ಟೈಪ್ ಮಾಡಿದೆ. ಗ್ರೂಪಿನಲ್ಲಿ ಮಂಜುನಾಥ ಎಂದಿನಂತೆ ಭಾವ ಎಲ್ಲಿ ಎಂದ. ಕಟಿಂಗ್‌ಗೆ ಹೋಗಿದಾರೆ, ಅದಕ್ಕೇ ಸಲೀಸಾಗಿ ಗೆದ್ದೆವು ಎಂದು ಅವಳು ಬರೆದಳು.

ಆದರೂ ಸಂತೋಷ ಸಂತೋಷವೇ. ಸ್ವಲ್ಪ ಹೊತ್ತು ಬಿಟ್ಟು ಕೆಳಗಿಳಿದು, ಭಾನುವಾರದ ಊಟಕ್ಕೆ ಬಂದಿದ್ದ ಬಸವರಾಜನ ಪಕ್ಕ ತಟ್ಟೆ ಎಳೆದುಕೊಂಡು ಕೂತೆ. ಸುಜಾತ ಅವನಿಗೆ ಮುದ್ದೆ ಹಾಕುತ್ತಾ, "ನಿಮ್ ಫ್ರೆಂಡ್ ಒಳ್ಳೆಯೋರು ಬಸವರಾಜು, ಥ್ಯಾಂಕ್ಸ್ ಅಂದ್ರು. ಇಷ್ಟು ವರ್ಷ ಬಡಿಸಿದೀನಿ, ಈ ಮನೇಲಿ ಯಾರೂ ಆ ಮಾತು ಅಂದಿಲ್ಲ" ಎಂದಳು. ರಾಕ್ಷಸನ ಯಾವ ಪೆಟ್ಟೂ ನನಗೆ ಅಷ್ಟು ನಾಟಿರಲಿಲ್ಲ. ಬಸವರಾಜ ತಟ್ಟೆ ನೋಡತೊಡಗಿದ. ಅವಳು ನನ್ನ ಕಡೆ ತಿರುಗಿದವಳು ಸೌಟು ಹಿಡಿದು ಹಾಗೇ ನಿಂತಳು.

"ರೀ, ಸ್ನಾನ ಯಾವಾಗ ಮಾಡಿದ್ರಿ?"

ಕಟಿಂಗ್ ಮಾಡಿಸಿಕೊಂಡು ಬಂದವರು ತಲೆಗೆ ನೀರು ಬೀಳುವತನಕ ನಮ್ಮ ಮನೆಯಲ್ಲಿ ಒಂದು ಲೋಟವನ್ನೂ ಮುಟ್ಟುವಂತಿಲ್ಲ. ಹುಟ್ಟಿದಾಗಿನಿಂದ ಪಾಲಿಸಿದ್ದ ಇದನ್ನು ಒಂದು ಫೋಟೋದ ಖುಷಿಯಲ್ಲಿ ಮರೆತಿದ್ದೆ. ಬಚ್ಚಲಿನಲ್ಲಿ ಗೀಸರ್ ಇನ್ನೂ ಉರಿಯುತ್ತಿತ್ತು. ಅವಳು ನನ್ನ ಒಣ ತಲೆಯನ್ನೊಮ್ಮೆ, ಬಸವರಾಜನ ಬಗ್ಗಿದ ತಲೆಯನ್ನೊಮ್ಮೆ ನೋಡಿದಳು. ಅವನ ಮುದ್ದೆಗೆ ಇನ್ನೂ ಸಾರು ಬಿದ್ದಿರಲಿಲ್ಲ. ಸೌಟು ನನ್ನ ತಟ್ಟೆಯ ಕಡೆ ಬಂತು.

"ಸಾರು ಹಾಕ್ಲಾ, ಹೊಸಬರೇ?"

"ಥ್ಯಾಂಕ್ಸ್ ಮೇಡಂ" ಎಂದೆ. ಈ ಸಲ ಬಾಯಿಬಿಟ್ಟೇ ಹೇಳಿದೆ.

ಊಟ ಮುಗಿದ ಮೇಲೆ, ತಮ್ಮನಿಗೆ ಹೇಳಿದ ಮಾತು ಸುಳ್ಳಾಗಬಾರದು, ಹೋಗಿ ಕಟಿಂಗ್ ಮಾಡಿಸಿಕೊಂಡು ಬನ್ನಿ ಎಂದು ಅಟ್ಟಿದಳು. ಕತ್ರಿಗುಪ್ಪೆಯ ಅಂಗಡಿಯವನು ನನಗೆ ಬಟ್ಟೆ ಹೊದಿಸಿ, ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲಿಂದ ಶುರು ಮಾಡ್ಲಿ ಅಂಕಲ್ ಎಂದು ಕೇಳಿದ. ನಮ್ಮ ಮನೆತನದ ಪದ್ಧತಿಯಂತೆ ಬಾಯಿ ಬಿಡದೆ, ಅವನಿಗೆ ಊಟದ ಹೊತ್ತಾಗುವುದನ್ನೇ ಕಾಯುತ್ತಾ ಕೂತೆ.